ಆರನೆಯ ಅರ್ಜಿ

ಪೂರ್ವಿ ಎರಡು ಪ್ರವೇಶ ಪತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು ಇಪ್ಪತ್ತು ಸಾವಿರ ವಿದ್ಯಾರ್ಥಿಗಳ ವಿಶ್ವವಿದ್ಯಾಲಯದ್ದು. ಇನ್ನೊಂದು ಮಲೇಷ್ಯಾದ ಪೆಟಾಲಿಂಗ್ ಜಯಾದ ಅಂಗಡಿಸಾಲಿನ ಮೇಲೆ ಎರಡು ಮಹಡಿಗಳಲ್ಲಿ ನಡೆಯುವ ಈ ಕಾಲೇಜಿನದು. ಎರಡೂ ಇಂಗ್ಲಿಷ್ ಬಿ.ಎ.ಗೆ.

“ನೀವು ನಮ್ಮೋರು, ಅದಕ್ಕೇ ನೇರವಾಗಿ ಕೇಳ್ತೀನಿ ಸರ್,” ಎಂದರು ಅವಳ ತಂದೆ ಗುರುದತ್. ಸೈಬರ್‌ಜಯಾದ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. “ನಿಮ್ಮ ಮಗಳಾಗಿದ್ರೆ ಎಲ್ಲಿಗೆ ಸೇರಿಸ್ತಿದ್ರಿ?”

ಉಡುಪಿಯವರಾದ ಇಂಗ್ಲಿಷ್ ಅಧ್ಯಾಪಕ ಜಯಕರ ಎರಡೂ ಪತ್ರಗಳನ್ನು ನೋಡಿದರು. ಆಡಳಿತ ಮಂಡಳಿಯ ಪತ್ರ ಸೋಮವಾರವೇ ಬಂದಿತ್ತು. ಶುಕ್ರವಾರದೊಳಗೆ ಆರು ಮಂದಿ ಸೇರದಿದ್ದರೆ ಇಂಗ್ಲಿಷ್ ಕೋರ್ಸ್ ಇಲ್ಲ. ಜಯಕರರ ಕೆಲಸದ ಪಾಸೂ ನವೀಕರಣವಾಗುವುದಿಲ್ಲ. ಹೆಂಡತಿ ಸುಮತಿ, ಮಗ ಮಹಿತ್ ಕೂಡ ದೇಶ ಬಿಡಬೇಕು. ಆರು ಮಂದಿ ಸೇರಿದರೆ ಒಂದು ವರ್ಷ ನಡೆಸಿ ಮುಚ್ಚುವುದು, ವಿದ್ಯಾರ್ಥಿಗಳು ಆಮೇಲೆ ಬೇರೆಡೆ ನೋಡಿಕೊಳ್ಳುವುದು ಎಂದೂ ಪತ್ರದಲ್ಲಿತ್ತು. ಐದು ಮಂದಿ ಸೇರಿದ್ದರು. ಅಂದು ಶುಕ್ರವಾರ.

“ದೊಡ್ಡದಕ್ಕೇ ಕಳಿಸಿ ಮಾರಾಯ್ರೆ,” ಎಂದರು ಜಯಕರ. “ಅಲ್ಲಿ ಇಂಗ್ಲಿಷ್ ಕಲಿಸ್ಲಿಕ್ಕೇ ಇಪ್ಪತ್ತೆರಡು ಮಂದಿ ಇದ್ದಾರೆ. ಇಲ್ಲಿ ನಾವು ಇಬ್ಬರು. ಲೈಬ್ರರಿ ನೋಡಿದ್ರಲ್ಲ, ನಮ್ಮ ಮನೆ ಹಾಲ್‌ನಷ್ಟೂ ಇಲ್ಲ.”

ಗುರುದತ್ ನಗುತ್ತ ಮಗಳ ಕಡೆ ತಿರುಗಿದರು. “ಕೇಳಿದ್ಯಾ? ಅಲ್ಲಿ ಆ ಟೈ ಕಟ್ಟಿದವ್ನು ಅರ್ಧ ಗಂಟೆ ಬರೀ ಹೊಗಳ್ಕೊಂಡ. ಇವರು ನೋಡು, ತಮ್ಮ ಅಂಗಡಿ ಮಾಲು ಚೆನ್ನಾಗಿಲ್ಲ ಅಂತ ತಾವೇ ಹೇಳ್ತಾರೆ. ಇಂಥೋರ ಹತ್ರ ಓದ್ಬೇಕು ಕಣೇ.”

“ಐ ಟೋಲ್ಡ್ ಯು ಲಾ, ಅಪ್ಪ. ದೇರ್, ನೋಬಡಿ ಈವನ್ ಆಸ್ಕ್ಡ್ ಮೈ ನೇಮ್.” ಇಲ್ಲಿಯವರಂತೆ ಮಾತಿಗೆ ‘ಲಾ’ ಸೇರಿಸುವ ಪೂರ್ವಿ ಜಯಕರರನ್ನು ನೋಡಿದಳು. “ಸರ್, ಯು ವಿಲ್ ಟೀಚ್ ಅಸ್ ಆಲ್ ತ್ರೀ ಇಯರ್ಸ್, ರೈಟ್?”

“ಅವರೆಲ್ಲಿ ಹೋಗ್ತಾರೆ?” ಎಂದು ಗುರುದತ್ತೇ ಉತ್ತರ ಕೊಟ್ಟರು. “ಸೈನ್ ಮಾಡು. ಕೆಳಗೆ ಮಾಮಕ್ ಹೋಟೆಲಲ್ಲಿ ಊಟ ಮಾಡ್ಕೊಂಡು ಹೋಗೋಣ. ನೀವೂ ಬನ್ನಿ ಸರ್.”

ಜಯಕರ ಅರ್ಜಿಯನ್ನು ಅವಳ ಕಡೆ ತಿರುಗಿಸಿ, ಸಹಿಯ ಜಾಗವನ್ನು ಬೆರಳಿಂದ ತೋರಿಸಿದರು.

ಸಹಿ ಹಾಕಿದ ಪೂರ್ವಿ ಮೊಬೈಲಿನಲ್ಲಿ ವಿಶ್ವವಿದ್ಯಾಲಯದ ಪುಟ ತೆರೆದು, ಸೀಟು ಬೇಡವೆಂದು ಒತ್ತಿದಳು. ಖಚಿತವೇ ಎಂದು ಅದು ಮತ್ತೊಮ್ಮೆ ಕೇಳಿತು. ಅವಳು ನಗುತ್ತ ಪರದೆಯನ್ನು ಜಯಕರರ ಕಡೆ ಹಿಡಿದು, ಅವರು ನೋಡುತ್ತಿರುವಂತೆಯೇ ‘ಹೌದು’ ಎಂಬಲ್ಲಿ ಹೆಬ್ಬೆರಳು ಇಟ್ಟಳು.