ಮದ್ದು ಕಾಣದ ಪಟ್ಟಿ

ನಾನು ಒಂದು ಉಕ್ಕಿನ ಪಟ್ಟಿ. ಹುಬ್ಬಳ್ಳಿಯ ಶಿವರುದ್ರಪ್ಪನವರ ಶೆಡ್ಡಿನಲ್ಲಿ ಒಂದೇ ತಗಡಿನಿಂದ ನನ್ನನ್ನೂ ನನ್ನ ತಂಗಿಯನ್ನೂ ಕತ್ತರಿಸಿದರು. ಅಲ್ಲಿ ತುಕ್ಕು ಹಿಡಿದ ಸಾಮಾನನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ತೊಳೆಯುತ್ತಾರೆ. ಕಬ್ಬಿಣ ಸವೆಯದಿರಲೆಂದು ಆಸಿಡ್ಡಿಗೆ ಅಮೀನ್ ಎಂಬ ಮದ್ದು ಬೆರೆಸುವುದು ವಾಡಿಕೆ. ಹೊಸ ಡಬ್ಬಿ ಬಂದಾಗ ಎರಡು ಪಟ್ಟಿ ಅದ್ದಿ ನೋಡಬೇಕು. ಒಂದಕ್ಕೆ ಮದ್ದು ಬೆರೆತ ಆಸಿಡ್, ಇನ್ನೊಂದಕ್ಕೆ ಬರೀ ಆಸಿಡ್. ಬರೀ ಆಸಿಡ್ ಯಾರ ಪಾಲಿಗೆ ಬಂತು ಅಂತೀರಿ? ಎಲ್ಲಾ ನನ್ನ ಹಣೆಬರಹ!

ಅಮೀನಿನ ಕಣಗಳು ಒಂದು ತುದಿಯಿಂದ ತಂಗಿಯ ಮೈಯನ್ನು ಗಟ್ಟಿಯಾಗಿ ಹಿಡಿದು, ಬಾಲವನ್ನು ಹೊರಗೆ ಚಾಚಿ, ಒತ್ತೊತ್ತಾಗಿ ನಿಂತವು. ಆಸಿಡ್ಡಿಗೆ ಒಳಗೆ ನುಗ್ಗಲು ಜಾಗವೇ ಇರಲಿಲ್ಲ. ನನ್ನ ಮೈಮೇಲೋ ಬುರುಬುರು ಗುಳ್ಳೆ. ನಾಲ್ಕಾರು ದಿನಕ್ಕೆ ಅವಳು ಮದುಮಗಳಂತೆ ಹೊರಬಂದಳು. ನಾನು ಕಪ್ಪಾಗಿ, ತೆಳ್ಳಗಾಗಿ ಬಂದೆ.

"ಹೆಂಗ ಹೊಳೀತೈತಿ ನೋಡಪ್ಪಾ!" ಎಂದು ಶಿವರುದ್ರಪ್ಪನವರ ಮಗಳು ನೀಲಾಂಬಿಕೆ ತಂಗಿಯನ್ನು ತನ್ನ ವೇಲಿನಿಂದ ಒರೆಸಿದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಒಂದೇ ತಗಡಿನ ಮಕ್ಕಳಲ್ಲವೇ ನಾವು?

ಒಂದು ದಿನ ನೀಲಾಂಬಿಕೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮನೆ ಶೆಡ್ಡಿಗೆ ಅಂಟಿಕೊಂಡೇ ಇದೆ. ಮದ್ದಿನ ಡಬ್ಬಿ ತೆರೆದರೆ ಕೊಳೆತ ಮೀನಿನ ವಾಸನೆ, ಇವರೋ ಲಿಂಗವಂತರು.

"ಇವತ್ತ ಮದ್ದ ಬ್ಯಾಡವ್ವಾ. ಮನ್ಯಾಗ ಮೀನ ಬೇಸ್ಯಾರ ಅಂದ್ರ ಮಾನ ಹೋಕ್ಕೈತಿ," ಎಂದ ಶಿವರುದ್ರಪ್ಪ, ತುಕ್ಕು ತೆಗೆಯಲು ಬಂದಿದ್ದ ಅಂಗನವಾಡಿಯ ಜೋಕಾಲಿ ಸರಪಳಿಗಳನ್ನು ಬರೀ ಆಸಿಡ್ಡಿಗೆ ಇಳಿಸಿದರು. ನನಗಾದ ಖುಷಿ ಏನು ಹೇಳಲಿ! ಇನ್ನೊಬ್ಬರೂ ಸವೆಯಲಿ, ಗೊತ್ತಾಗಲಿ.

ಬಂದವರು ಅವಲಕ್ಕಿ ತಿನ್ನುತ್ತಿದ್ದಾಗ ಗುಳ್ಳೆಗಳ ಸದ್ದು ನೀಲಾಂಬಿಕೆಯ ಕಿವಿಗೆ ಬಿತ್ತು. ಚಹಾದ ತಟ್ಟೆ ಕೆಳಗಿಟ್ಟವಳೇ ಓಡಿಬಂದು ತೊಟ್ಟಿಗೆ ಮದ್ದು ಸುರಿದಳು. ವಾಸನೆ ಮನೆಯೆಲ್ಲ ಹರಡಿತು.

"ಏನವ್ವಾ, ಮೀನ?" ಗಂಡಿನ ತಾಯಿ ಮೂಗಿಗೆ ಸೆರಗು ಹಿಡಿದು ಶೆಡ್ಡಿಗೇ ಬಂದರು. ಶಿವರುದ್ರಪ್ಪ ತಲೆ ತಗ್ಗಿಸಿದರು.

ಶೆಡ್ಡಿನ ಗೋಡೆಗೂಡಿನಲ್ಲಿದ್ದ ನಮ್ಮಿಬ್ಬರಲ್ಲಿ ನೀಲಾಂಬಿಕೆ ತಂಗಿಯನ್ನೇ ಎತ್ತುತ್ತಾಳೆ ಎಂದುಕೊಂಡೆ. ಎತ್ತಿದ್ದು ನನ್ನನ್ನು.

"ಮೀನಲ್ರೀ, ಮದ್ದಿನ ವಾಸನಿ. ಇದು ಮದ್ದಿಲ್ದ ಆಸಿಡ್ನಾಗ ಬಿದ್ದ ಪಟ್ಟಿ. ಸ್ವಲ್ಪ ಬಗ್ಗಿಸ್ರಿ."

ಆ ತಾಯಿ ಬಗ್ಗಿಸಿದರು. ನಾನು ಹಪ್ಪಳದಂತೆ ಮುರಿದುಹೋದೆ.

"ಈ ಸರಪಳಿ ಜೋಕಾಲ್ಯಾಗ ಸಣ್ಣ ಮಕ್ಕಳು ಕೂಡ್ತಾವ್ರಿ."

ಅವರು ಸೆರಗು ಕೆಳಗಿಳಿಸಿದರು. "ವಾಸನಿ ಇರ್ಲಿ ತಗೋ. ಮೊದ್ಲ ಸರಪಳಿ ತಗದು ನೋಡು."

ಸರಪಳಿ ಗಟ್ಟಿಯಾಗಿಯೇ ಇತ್ತು. ಸಂಬಂಧವೂ ಕುದುರಿತು. ಈಗ ನನ್ನೆರಡು ತುಂಡುಗಳು ತೊಟ್ಟಿಯ ಮೇಲೆ ತೂಗುತ್ತಿವೆ. ನನ್ನನ್ನು ಕಂಡಾಗಲೆಲ್ಲ ಶಿವರುದ್ರಪ್ಪ ತಪ್ಪದೆ ಮದ್ದಿನ ಡಬ್ಬಿ ಹುಡುಕುತ್ತಾರೆ. ತಂಗಿ ಎಲ್ಲಿ ಅಂತೀರಾ? ಅವಳನ್ನು ನೀಲಾಂಬಿಕೆ ಸೀರೆಗಳ ನಡುವೆ ಇಟ್ಟುಕೊಂಡು ಗಂಡನ ಮನೆಗೆ ಹೋದಳು. ಮುರಿದವಳು ಕಾವಲಿಗೆ, ಹೊಳೆಯುವವಳು ಪೆಟ್ಟಿಗೆಗೆ!

ಡಬ್ಬಿ ತೆರೆದಾಗ ಈಗಲೂ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಆ ನಾತ ಮಲ್ಲಿಗೆ. ಅಂದು ಒಂದೇ ಒಂದು ತೊಟ್ಟು ನನಗೂ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು?