ಸಾರುವೆಯ ಮೇಲಿನ ಮರಿಗಳು

ಪೊದೆ ಕಡಿಸಿದವಳು ನಾನೇ. ಹುಲಿಗೆಪ್ಪ ಬೇಡವೆಂದಿದ್ದ.

1999ರ ಜೂನ್ ತಿಂಗಳ ಕೊನೆಯ ಶನಿವಾರ. ಹೊರಮಾವಿನ ನಮ್ಮ ನಿವೇಶನದಲ್ಲಿ ತಳಪಾಯ ಮುಗಿದು ಗೋಡೆ ಏಳಲು ಶುರುವಾಗಿತ್ತು. ನೀರಿನ ಸಂಪು ತೋಡಬೇಕಾದ ಮೂಲೆಯಲ್ಲಿ ಆಳೆತ್ತರದ ಲಂಟಾನ ಬೆಳೆದಿತ್ತು. ನನ್ನ ಗಂಡ ಗುರುರಾಜ್‌ಗೆ ಕಾರ್ಖಾನೆಯಲ್ಲಿ ಶನಿವಾರವೂ ಶಿಫ್ಟ್. ಹಾಗಾಗಿ ವಿಮಾ ಕಚೇರಿ ಮುಗಿಸಿ, ಎರಡು ಬಸ್ಸು ಬದಲಿಸಿ, ಕೆಲಸ ನೋಡಲು ಬರುತ್ತಿದ್ದವಳು ನಾನು. ಹುಲಿಗೆಪ್ಪ ಮತ್ತು ಅವನ ಹೆಂಡತಿ ಮಾನಮ್ಮ ಲಿಂಗಸುಗೂರಿನ ಕಡೆಯವರು. ನಮ್ಮ ನಿವೇಶನದಲ್ಲೇ ತಗಡಿನ ಶೆಡ್ ಹಾಕಿಕೊಂಡು ಗಾರೆ ಕೆಲಸವನ್ನೂ ಕಾವಲನ್ನೂ ಮಾಡುತ್ತಿದ್ದರು.

"ಅಕ್ಕಾರ, ಇದರೊಳಗ ಏನರ ಇದ್ದೀತು. ನಾಕ ದಿನ ತಡದು ಕಡಿಯೂಣೇನ್ರಿ?" ಎಂದ ಹುಲಿಗೆಪ್ಪ.

"ಇಲ್ಲಪ್ಪ, ಇವತ್ತೇ ಆಗ್ಬೇಕು. ಸೋಮವಾರ ಸಂಪಿನವರು ಬರ್ತಾರೆ" ಎಂದೆ. ಮುಂದಕ್ಕೆ ಹಾಕಿದ ಕೆಲಸ ಹಾಗೇ ಉಳಿದುಬಿಡುತ್ತದೆ ಎಂಬ ಭಯ ನನಗೆ ಮೊದಲಿನಿಂದಲೂ ಇದೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದೂ ಆ ಭಯದಿಂದಲೇ.

ಮಚ್ಚಿನ ಮೂರನೆಯ ಏಟಿಗೆ ಪೊದೆಯೊಳಗಿಂದ ಹೆಣ್ಣು ನವಿಲೊಂದು ನಮ್ಮ ತಲೆಗಳ ಮೇಲೇ ಹಾರಿಹೋಯಿತು. ಕೊಂಬೆ ಸರಿಸಿದರೆ ಮಣ್ಣಿನ ಗುಳಿಯಲ್ಲಿ ಐದು ಮೊಟ್ಟೆಗಳಿದ್ದವು. ನಾವು ದೂರ ಸರಿದು ಸಂಜೆಯವರೆಗೆ ಕಾದೆವು. ಹಕ್ಕಿ ಎರಡು ಸಲ ಬೇಲಿಯವರೆಗೆ ಬಂತು. ಪೊದೆಯಿದ್ದ ಜಾಗ ಬಯಲಾಗಿದ್ದುದನ್ನು ಕತ್ತು ಚಾಚಿ ನೋಡಿ ಹಿಂದಕ್ಕೆ ಹೋಯಿತು. ಆಮೇಲೆ ಬರಲಿಲ್ಲ.

ಮಾನಮ್ಮ ಕುಕ್ಕರುಗಾಲಿನಲ್ಲಿ ಕೂತು ಮೊಟ್ಟೆ ಮುಟ್ಟಿ ನೋಡಿದಳು. "ಇನ್ನಾ ಬೆಚ್ಚಗ ಅದಾವ್ರಿ ಅಕ್ಕಾರ. ನಮ್ಮ ಕೋಳಿ ಕಾವಿಗೆ ಕುಂತೈತಿ. ಅದರ ತತ್ತಿ ಹಾವು ತಿಂದು ಹೋಗೇತಿ, ಆದ್ರೂ ಬರೇ ಹುಲ್ಲಿನ ಮ್ಯಾಲ ಕುಂತೈತಿ, ಏಳವಲ್ದು. ಅದಕ್ಕ ಇಡೂಣೇನು?"

"ಅದಕ್ಕೆ ಗೊತ್ತಾಗಲ್ವಾ?"

"ಹುಲ್ಲಿನ ಮ್ಯಾಲ ಕುಂತಾಕಿಗೆ ಏನ್ ಗೊತ್ತಾಗತೈತ್ರಿ!"

ನಲವತ್ತೊಂದು ವರ್ಷದ ಬಾಳಿನಲ್ಲಿ ನಾನು ಮೊಟ್ಟೆ ಮುಟ್ಟಿದವಳಲ್ಲ. ಅವತ್ತು ಐದನ್ನೂ ಸೆರಗಿನಲ್ಲಿಟ್ಟುಕೊಂಡು ಶೆಡ್ಡಿನವರೆಗೆ ನಡೆದೆ. ಅವುಗಳ ಬಿಸಿ ಹೊಟ್ಟೆಗೆ ತಾಗುತ್ತಿತ್ತು.

ಇಪ್ಪತ್ತೊಂದು ದಿನ ಕಳೆದವು. ಇಪ್ಪತ್ತೆರಡನೆಯ ದಿನ ಹುಲಿಗೆಪ್ಪ, "ಕೋಳಿದಾಗಿದ್ರ ಇಷ್ಟೊತ್ತಿಗೆ ಒಡೀತಿದ್ವು. ಇವು ಕೆಟ್ಟಾವ್ರಿ" ಎಂದ. ಹಲಸೂರಿನ ಗ್ರಂಥಾಲಯದಲ್ಲಿ ದಪ್ಪ ಪುಸ್ತಕ ತೆರೆದು ನೋಡಿದ್ದೆ, ನವಿಲಿಗೆ ಇಪ್ಪತ್ತೆಂಟು ದಿನ ಎಂದಿತ್ತು. ಆದರೆ ನವಿಲು ಮೊದಲೇ ಎಷ್ಟು ದಿನ ಕಾವು ಕೊಟ್ಟಿತ್ತೋ ಯಾರಿಗೆ ಗೊತ್ತು? ನಾನೇ ತಪ್ಪು ಓದಿಕೊಂಡೆನೇನೋ ಎಂದು ಮತ್ತೆ ಹೋಗಿ ನೋಡಿ ಬಂದೆ. ಇಪ್ಪತ್ತನಾಲ್ಕನೆಯ ದಿನ ನಾಲ್ಕು ಮೊಟ್ಟೆ ಒಡೆದವು. ಐದನೆಯದು ಒಡೆಯಲಿಲ್ಲ.

ಆಮೇಲೆ ಕಾನೂನಿನ ಚಿಂತೆ ಹತ್ತಿತು. ನವಿಲು ಸಾಕುವುದು ಅಪರಾಧ, ನಾನು ಸರ್ಕಾರಿ ಸಂಬಳದವಳು. ಕಚೇರಿಯ ಫೋನಿನಿಂದ ಅರಣ್ಯ ಇಲಾಖೆಗೆ ಕರೆ ಮಾಡಿ, ಹೆಸರು ವಿಳಾಸ ಹೇಳಿ, ನಡೆದದ್ದನ್ನೆಲ್ಲ ಒಪ್ಪಿಸಿದೆ. ಅತ್ತ ಕಡೆಯವರು ನಗಲೂ ಇಲ್ಲ, ಬೈಯಲೂ ಇಲ್ಲ. "ಕೂಡಿಹಾಕ್ಬೇಡಿ ಮೇಡಂ. ಕಟ್ಟಬೇಡಿ. ಹೋಗೋಕೆ ಶುರು ಮಾಡಿದ್ರೆ ತಡೀಬೇಡಿ. ಅಷ್ಟೇ" ಎಂದರು. ನಾನು ಅದನ್ನು ಬರೆದುಕೊಂಡೆ.

ಅಂದರೆ ರಾತ್ರಿ ಮರಿಗಳ ಮೇಲೆ ಬುಟ್ಟಿ ಕವುಚಿ ಮುಚ್ಚುವ ಹಾಗಿಲ್ಲ. ಆದರೆ ಮರಿಗಳಿಗೆ ಹದಿನೈದು ದಿನವಾಗುವಷ್ಟರಲ್ಲಿ ಬೇರೆಯೇ ತೊಂದರೆ ಕಂಡಿತು. ಸಂಜೆಯಾಗುತ್ತಿದ್ದಂತೆ ಅವು ಹೇಗೋ ರೆಕ್ಕೆ ಬಡಿದು ಅರ್ಧ ಕಟ್ಟಿದ ಗೋಡೆ ಏರಿ ಕೂರುತ್ತಿದ್ದವು. ಕೋಳಿ ಕೆಳಗೆ ಹುಲ್ಲಿನಲ್ಲಿ ಕೂತು ಕರೆಯುತ್ತಿತ್ತು. ಬಹಳ ಹೊತ್ತು ಕರೆದ ಮೇಲೆ ಮನಸ್ಸಿಲ್ಲದೆ ಒಂದೊಂದಾಗಿ ಇಳಿದು ಬರುತ್ತಿದ್ದವು. ಒಂದು ಸಂಜೆ ಕಡೆಯದಾಗಿ ಇಳಿದದ್ದನ್ನು ನಮ್ಮ ಕಣ್ಣೆದುರೇ ಬೀದಿನಾಯಿ ಕಚ್ಚಿಕೊಂಡು ಓಡಿತು. ಹುಲಿಗೆಪ್ಪ ಕಲ್ಲು ಹಿಡಿದು ಕೆರೆಯವರೆಗೆ ಅಟ್ಟಿಸಿಕೊಂಡು ಹೋಗಿ ಬರಿಗೈಯಲ್ಲಿ ಬಂದ.

ನಾನು ಸಿಮೆಂಟ್ ಚೀಲಗಳ ಮೇಲೆ ಕೂತುಬಿಟ್ಟೆ. "ಗೋಡೆ ಹತ್ತೋ ಚಟ ಯಾಕೆ ಬೇಕಿತ್ತು ಇವಕ್ಕೆ?" ಎಂದೆ.

"ಮರಿದ ತಪ್ಪಲ್ರಿ" ಎಂದಳು ಮಾನಮ್ಮ. "ಅವ್ಕ ಮ್ಯಾಲ ಮಲಗೂ ಬುದ್ಧಿ ಐತಿ. ಅವ್ವ ಕೆಳಗ ಮಲಗತಾಳ. ಮರೀನ ಕೆಳಗ ಕರೀಬಾರ್ದು, ಅವ್ವನ್ನ ಮ್ಯಾಲ ಒಯ್ಯಬೇಕ."

ಮರುದಿನವೇ ಶುರುಮಾಡಿದೆವು. ಗಾರೆಯವರು ನಿಲ್ಲಲು ಕಂಬ, ಹಲಗೆ ಕಟ್ಟಿದ ಸಾರುವೆ ಪೂರ್ವದ ಗೋಡೆಗುಂಟ ಇತ್ತು. ಅದರ ಮೊದಲ ಹಲಗೆಯ ಮೇಲೆ ಹುಲ್ಲು ತುಂಬಿದ ಬಾಣಲಿ ಇಟ್ಟು ಕೋಳಿಯನ್ನು ಕೂರಿಸಿದೆವು. ಅದು ಮೂರು ಸಲ ಹಾರಿ ಇಳಿಯಿತು. ಮೂರು ಸಲವೂ ಮಾನಮ್ಮ ಹಿಡಿದು ತಂದು ಕೂರಿಸಿದಳು. ನಾಲ್ಕನೆಯ ಸಲ ಕತ್ತಲಾಗಿತ್ತು, ಕೋಳಿಗೆ ಕಣ್ಣು ಕಾಣದೆ ಅಲ್ಲೇ ಉಳಿಯಿತು. ಮೂರು ಮರಿಗಳೂ ಸದ್ದಿಲ್ಲದೆ ಅದರ ಪಕ್ಕಕ್ಕೆ ಬಂದವು.

ಅಂದಿನಿಂದ ಗೋಡೆ ಎದ್ದಂತೆ ಕೋಳಿಯೂ ಏರಿತು. ಕಿಟಕಿ ಮಟ್ಟಕ್ಕೆ ಬಂದಾಗ ಎರಡನೆಯ ಹಲಗೆ, ಛಾವಣಿ ಹಾಕಿದಾಗ ಮೂರನೆಯದು. ಕಚೇರಿ ಮುಗಿದ ಮೇಲೆ ದಿನವೂ ಬಂದೆ. ಗಾರೆಯವರು, "ಅಮ್ಮಾರೇ, ಕೋಳಿಗೂ ಹಾಜರಿ ಹಾಕ್ಬಿಡಿ, ನಮಗಿಂತ ಮೊದ್ಲು ಸಾರುವೆ ಹತ್ತುತ್ತೆ" ಎಂದು ಗೇಲಿ ಮಾಡುತ್ತಿದ್ದರು.

ಗುರುರಾಜ್ ಮಾತ್ರ ನಗಲಿಲ್ಲ. ಒಂದು ಭಾನುವಾರ ಬಂದು ತಲೆಯೆತ್ತಿ ನೋಡಿ, "ಸೀತಾ, ಮೊಟ್ಟೆ ಅನ್ನೋ ಮಾತು ಕೇಳಿದ್ರೇ ಅಮ್ಮ ಕಿವಿ ಮುಚ್ಕೋತಾರೆ. ನೀನು ಗೃಹಪ್ರವೇಶಕ್ಕೆ ಮುಂಚೆ ಬಾಲ್ಕನಿಗೆ ಕೋಳಿ ಹತ್ತಿಸಿದೀಯ" ಎಂದರು.

"ಬಾಲ್ಕನಿ ಇನ್ನೂ ಆಗಿಲ್ಲ ರೀ. ಅದು ಸಾರುವೆ."

"ನಾಳೆ ಸಾರುವೆ ಬಿಚ್ಚಿದ ಮೇಲೆ?"

ನಾನು ಬೇಲಿಯಾಚೆ ನೋಡಿದೆ. ಸುತ್ತಿನಲ್ಲಿ ಎತ್ತರದ ಮರವೆಂದು ಇದ್ದದ್ದು ಒಂದೇ. ಪಕ್ಕದ ಹೊಲದ ಮುನಿಆಂಜನಪ್ಪನವರ ಹೊಂಗೆ. ಅದು ನಮ್ಮ ಪೂರ್ವದ ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿತ್ತು. ಮರಿಗಳು ಎಂದೂ ಅದರತ್ತ ಹೋಗಿರಲಿಲ್ಲ, ಏಕೆಂದರೆ ಕೋಳಿ ಹೋಗಿರಲಿಲ್ಲ.

ಅಕ್ಟೋಬರ್ ಕೊನೆಗೆ ಹೊರಗಿನ ಗಿಲಾವು ಮುಗಿಯಿತು. ಕಂಬಗಳನ್ನು ಬಾಡಿಗೆಗೆ ಕೊಟ್ಟಿದ್ದ ಶಿವಾಜಿನಗರದ ಅಜ್ಮತ್ ಬುಧವಾರ ಸ್ಕೂಟರಿನಲ್ಲಿ ಬಂದರು.

"ಮೇಡಂ, ಭಾನುವಾರ ಬೆಳಗ್ಗೆ ಗಾಡಿ ತರ್ತೀನಿ. ಕಂಬ ಬೇಕೇ ಬೇಕು, ಟ್ಯಾನರಿ ರಸ್ತೇಲಿ ಕೆಲ್ಸ ನಿಂತ್ಬಿಟ್ಟಿದೆ."

"ಪೂರ್ವದ ಕಡೇದು ಒಂದು ವಾರ ಬಿಡೋಕಾಗಲ್ವಾ ಅಜ್ಮತ್ ಭಾಯ್?"

ಅವರು ಮೇಲೆ ನೋಡಿದರು. "ಈ ಮೂರು ಸಾಹೇಬರಿಗಾ?" ಎಂದು ನಕ್ಕು, ಗಡ್ಡ ಕೆರೆದುಕೊಂಡರು. "ಭಾನುವಾರ ಅಂದ್ರೆ ಭಾನುವಾರಾನೇ ಮೇಡಂ. ಆದ್ರೆ ಬೇರೆ ಕಡೇದು ಮೊದ್ಲು ಬಿಚ್ತೀನಿ. ಆ ಕಡೇದು ಲಾಸ್ಟ್."

ಸೋಮವಾರ ಹುಲಿಗೆಪ್ಪ, ಮಾನಮ್ಮ ವೈಟ್‌ಫೀಲ್ಡಿನ ಕಡೆ ಬೇರೆ ಕೆಲಸಕ್ಕೆ ಹೊರಡುವವರು. ಕೋಳಿಯೂ ಅವರೊಂದಿಗೆ. ಅದಾಗಲೇ ಅದು ಮತ್ತೆ ಮೊಟ್ಟೆಯಿಡಲು ಶುರುಮಾಡಿ, ಹತ್ತಿರ ಬಂದ ಮರಿಗಳನ್ನು ಕುಕ್ಕುತ್ತಿತ್ತು. ನನಗೆ ಉಳಿದದ್ದು ನಾಲ್ಕು ಸಂಜೆ. ಅಷ್ಟರಲ್ಲಿ ಮೂರೂ ಹೊಂಗೆಗೆ ದಾಟಬೇಕು. ಇಲ್ಲದಿದ್ದರೆ ಭಾನುವಾರ ರಾತ್ರಿ ಅವು ನೆಲದಲ್ಲಿ ಮಲಗುತ್ತವೆ, ನಾಯಿಗಳು ಬರುತ್ತವೆ.

ಅಂದೇ ಮುನಿಆಂಜನಪ್ಪನವರ ಹೊಲಕ್ಕೆ ಹೋದೆ. ಅವರೆ ಬೆಳೆ ಹೂ ಬಿಟ್ಟಿತ್ತು. ಅವರು ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಸಾರುವೆಯಿಂದ ನಿಮ್ಮ ಮರಕ್ಕೊಂದು ಹಲಗೆ ಕಟ್ಟಲೇ ಎಂದು ಕೇಳಿದೆ.

"ನಿಮ್ಮ ನವಿಲ್ನ ನಮ್ಮ ಮರಕ್ಕೆ ಸೇರಿಸ್ತೀಯಾ? ಸರಿ. ಮರದಲ್ಲಿ ಮಲಗಿದ್ದು ಬೆಳಗ್ಗೆ ಎದ್ದು ಎಲ್ಲಿಗಿಳೀತವೆ ಹೇಳಮ್ಮ."

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. "ನಿಮ್ಮ ಹೊಲಕ್ಕೆ" ಎಂದೆ.

"ಗೊತ್ತಿದ್ದೂ ಕೇಳ್ತಿದೀಯಲ್ಲ! ಹೂವಾ ತಿಂತವೆ, ಎಳೆಕಾಯಿ ತಿಂತವೆ. ಇವತ್ತು ಮೂರು, ನಾಳೀಕೆ ಊರಿನವೆಲ್ಲ."

"ನಾನು ಕಾಯ್ತೀನಿ."

"ಏನ್ ಕಾಯ್ತೀಯ?"

"ಹೊಲ. ಅವರೆ ಕೀಳೋವರೆಗೂ ದಿನಾ ಬೆಳಗ್ಗೆ ಆರಕ್ಕೆ ಬಂದು ಓಡಿಸ್ತೀನಿ. ಎಂಟೂಕಾಲರ ಬಸ್ಸಿನವರೆಗೂ ಇರ್ತೀನಿ."

ಬಾಯಿಂದ ಬಿದ್ದ ಮೇಲೆ ಮನಸ್ಸಿನಲ್ಲೇ ದಿನ ಎಣಿಸಿದೆ. ಗೃಹಪ್ರವೇಶಕ್ಕೆ ಇನ್ನೂ ಹದಿನೆಂಟು ದಿನವಿತ್ತು. ಅಲ್ಲಿಯವರೆಗೆ ಮರ್ಫಿ ಟೌನಿನ ಬಾಡಿಗೆ ಮನೆಯಿಂದ ಮೊದಲ ಬಸ್ಸು ಹಿಡಿಯಬೇಕು. ಬೇಡವೆಂದುಬಿಡಲೇ ಎನಿಸಿತು. ಅನ್ನಲಿಲ್ಲ.

ಮುನಿಆಂಜನಪ್ಪ ಬೀಡಿ ಕೆಳಗಿಟ್ಟು ನಕ್ಕರು. "ಬ್ಯಾಂಕಿನ ಅಮ್ಮಾವ್ರು ನಮ್ಮೊಲ ಕಾಯ್ತಾರಂತೆ!"

"ಬ್ಯಾಂಕಲ್ಲ, ವಿಮೆ."

"ಯಾವುದೋ ಒಂದು. ಒಂದಿನ ತಪ್ಪಿಸಿದ್ರೆ ಆ ಕೊಂಬೆ ಕಡಿದಾಕ್ತೀನಿ, ಆಮ್ಯಾಕೆ ಬಂದು ಅಳಬೇಡ."

"ತಪ್ಪಿಸಲ್ಲ" ಎಂದೆ.

ಹುಲಿಗೆಪ್ಪ ಅಂದೇ ಎರಡು ಹಲಗೆ ಜೋಡಿಸಿ ಸಾರುವೆಯಿಂದ ಹೊಂಗೆಯ ಕವಲಿಗೆ ಹಗ್ಗದಿಂದ ಕಟ್ಟಿದ. ಮೊದಲ ಸಂಜೆ ಕೋಳಿಯನ್ನು ಹಲಗೆಯ ನಡುವೆ ಇಟ್ಟರೆ ಅದು ನೆಟ್ಟಗೆ ಹಳೆಯ ಬಾಣಲಿಗೆ ಓಡಿತು. ಎರಡನೆಯ ಸಂಜೆ ಕೊಂಬೆಯ ಮೇಲಿಟ್ಟರೆ ಬೊಬ್ಬೆ ಹಾಕುತ್ತ ನೆಲಕ್ಕೆ ಬಿತ್ತು. ಮೂರನೆಯ ಸಂಜೆ ಮಾನಮ್ಮ ಸೀರೆಯನ್ನು ಕಚ್ಚೆ ಕಟ್ಟಿ ಮರ ಹತ್ತಿದಳು. ಕವಲಿನಲ್ಲಿ ಕೂತು, ಕೋಳಿಯನ್ನು ಮಡಿಲಿಗೆ ಹಾಕಿಕೊಂಡು ಸೆರಗು ಮುಚ್ಚಿದಳು.

"ಬಿದ್ದೀಯ ಲೇ, ಇಳೀ" ಎಂದು ಹುಲಿಗೆಪ್ಪ ಕೆಳಗಿನಿಂದ ಕೂಗಿದ.

"ನೀ ಸುಮ್ನಿರು. ಕೋಳಿ ಕಾವಿಗೆ ಕುಂತಂಗ ಕುಂತೀನಿ."

ಸೆರಗಿನೊಳಗಿನಿಂದ ಕೋಳಿ ಕ್ಲುಕ್ ಕ್ಲುಕ್ ಎಂದಿತು. ಒಂದು ಮರಿ ಹಲಗೆಯ ಮೇಲೆ ಹೆಜ್ಜೆಯಿಟ್ಟಿತು, ನಿಂತಿತು, ಮತ್ತೆ ನಡೆಯಿತು. ಅದರ ಹಿಂದೆ ಇನ್ನೊಂದು. ಎರಡೂ ಮಾನಮ್ಮನ ಹೆಗಲ ಪಕ್ಕದ ಕೊಂಬೆಗೆ ಸೇರಿದವು. ಕತ್ತಲು ಕಟ್ಟಿದ ಮೇಲೆ ಅವಳು ಕೋಳಿಯೊಂದಿಗೆ ಮೆಲ್ಲಗೆ ಇಳಿದಳು. ಎರಡೂ ಅಲ್ಲೇ ಉಳಿದವು. ಮೂರನೆಯದು ಮಾತ್ರ ಸಾರುವೆಯ ಮೇಲೆ ಬಾಣಲಿಯ ಪಕ್ಕದಲ್ಲಿ ಒಂಟಿಯಾಗಿ ಮಲಗಿತು.

ಶನಿವಾರ ಕೊನೆಯ ಸಂಜೆ. ಎರಡು ಮರಿಗಳು ತಾವಾಗಿಯೇ ಮರಕ್ಕೆ ಹೋದವು. ಮೂರನೆಯದು ಮತ್ತೆ ಸಾರುವೆಗೇ ಬಂತು. ಮಾನಮ್ಮ ಮರದಲ್ಲಿ ಕೋಳಿ ಹಿಡಿದು ಕೂತಿದ್ದಳು, ಕೋಳಿ ಕರೆಯಲೂ ಇಲ್ಲ. ಬೆಳಕು ಇಳಿಯುತ್ತಿತ್ತು.

"ಹುಲಿಗೆಪ್ಪ, ಸಾರುವೆ ಮೇಲಿನ ಹಲಗೆ ತೆಗೆದುಬಿಡು" ಎಂದೆ.

"ಅದು ಅಲ್ಲೇ ನಿಂತೈತಿ, ಅಕ್ಕಾರ."

"ಅದಕ್ಕೇ ತೆಗಿ. ಬಾಣಲಿನೂ ತೆಗಿ."

ಗಾಬರಿಯಾಗಿ ಅದು ನೆಲಕ್ಕೆ ಹಾರಿದರೆ ಬೇಲಿಯಾಚೆ ನಾಯಿಗಳು ನಿಂತಿದ್ದವು. ಜೂನ್‌ನಲ್ಲಿ ಹೀಗೆಯೇ ಇವತ್ತೇ ಆಗಬೇಕು ಎಂದಿದ್ದವಳು ನಾನು. ಈಗಲೂ ತಪ್ಪುತ್ತಿರಬಹುದು. ಆದರೆ ನಾಳೆ ಬೆಳಗ್ಗೆ ಅಜ್ಮತ್ ಸಾರುವೆಯನ್ನೇ ಬಿಚ್ಚಿ ಒಯ್ಯುತ್ತಾರೆ, ನಾಡಿದ್ದು ಮಾನಮ್ಮನೂ ಇರುವುದಿಲ್ಲ. ಇದನ್ನು ಇನ್ನೊಂದು ಸಂಜೆಗೆ ಬಿಡಲು ನನಗೆ ಇನ್ನೊಂದು ಸಂಜೆ ಇರಲಿಲ್ಲ. ಕೋಲೊಂದನ್ನು ಎತ್ತಿಕೊಂಡು ಬೇಲಿಗೂ ಸಾರುವೆಗೂ ನಡುವೆ ಹೋಗಿ ನಿಂತೆ.

ಹುಲಿಗೆಪ್ಪ ಒಂದೊಂದೇ ಹಲಗೆ ಎಳೆದ. ಮರಿ ಹಿಂದೆ ಹಿಂದೆ ಸರಿಯಿತು. ಕೊನೆಗೆ ಬರಿಯ ಅಡ್ಡಗಂಬದ ಮೇಲೆ ಉಳಿಯಿತು. ಅದರ ಕಾಲು ಜಾರುತ್ತಿತ್ತು, ರೆಕ್ಕೆ ಬಿಚ್ಚಿ ಸಾವರಿಸಿಕೊಳ್ಳುತ್ತಿತ್ತು. ನಾವು ಕಟ್ಟಿದ್ದ ಸೇತುವೆ ಅದರ ಎರಡು ಮೊಳ ಪಕ್ಕದಲ್ಲಿತ್ತು, ಅದರತ್ತ ನೋಡಲೂ ಇಲ್ಲ. ಒಮ್ಮೆ ಕುಗ್ಗಿತು, ಆಮೇಲೆ ಜೋರಾಗಿ ಬಡಿದು ಗಾಳಿಗೆದ್ದು, ಮಾನಮ್ಮನ ತಲೆಯನ್ನೂ ದಾಟಿ, ಉಳಿದೆರಡಕ್ಕಿಂತ ಮೇಲಿನ ಕೊಂಬೆಯಲ್ಲಿ ಹೋಗಿ ಕೂತಿತು. ಎಲೆಗಳು ಉದುರಿದವು.

"ಹೋತ್ರೀ ಅಕ್ಕಾರ!" ಎಂದು ಮಾನಮ್ಮ ಕೂಗಿದ ಸದ್ದಿಗೆ ಕೋಳಿ ಮಡಿಲಿನಿಂದ ನೆಗೆದು ನನ್ನ ಕಾಲ ಬುಡದಲ್ಲಿ ಬಿತ್ತು. ನಾನೇ ಅದನ್ನು ಎತ್ತಿಕೊಂಡೆ.

ಭಾನುವಾರ ಕಂಬಗಳು ಹೋದವು. ಸೋಮವಾರ ಬೆಳಗ್ಗೆ ಟೆಂಪೋ ಬಂದು ಮಾನಮ್ಮನ ಪಾತ್ರೆ, ತಗಡು, ಕೋಳಿ ಎಲ್ಲವನ್ನೂ ಒಯ್ಯಿತು. ಅವಳು ಹೊರಡುವಾಗ ನನಗೆ ಬೀಳ್ಕೊಡಲು ಹತ್ತಿರ ಹೋಗಲಾಗಲಿಲ್ಲ, ಅವರೆ ಹೊಲದಲ್ಲಿದ್ದೆ. ಅಲ್ಲಿಂದಲೇ ಕೈ ಎತ್ತಿದೆ. ಅವಳೂ ಎತ್ತಿದಳು.

ಈಗ ಡಿಸೆಂಬರ್. ಹೊಸ ಮನೆಗೆ ಬಂದು ಮೂರು ವಾರವಾಯಿತು. ಒಂದು ದಿನವೂ ತಪ್ಪಿಸಿಲ್ಲ. ಜ್ವರ ಬಂದ ಎರಡು ದಿನ ಗುರುರಾಜ್ ಮಫ್ಲರ್ ಸುತ್ತಿಕೊಂಡು, ಗೊಣಗುತ್ತ, ಜೊತೆಗೆ ಬಂದರು. ಬೆಳಗ್ಗೆ ಆರಕ್ಕೆ ಸ್ಟೀಲ್ ತಟ್ಟೆ, ಸೌಟು ಹಿಡಿದು ಸಾಲುಗಳ ನಡುವೆ ಇಳಿಯುತ್ತೇನೆ. ಇಬ್ಬನಿಗೆ ಸೀರೆ ಮೊಣಕಾಲಿನವರೆಗೆ ನೆನೆಯುತ್ತದೆ.

"ಜೋರಾಗಿ ಬಡಿಯಮ್ಮ, ಅದೇನ್ ಮಂಗಳಾರತಿನಾ?" ಎಂದು ಮುನಿಆಂಜನಪ್ಪ ಬದುವಿನಿಂದ ಕೂಗುತ್ತಾರೆ.

ಮರದಿಂದ ಇಳಿಯುವವು ಈಗ ಮೂರಲ್ಲ, ಒಂಬತ್ತು ಹತ್ತು. ಕೆರೆಯ ಕಡೆಯವೂ ಸೇರಿವೆ. ನಮ್ಮವು ಯಾವುವೆಂದು ಮೊದಮೊದಲು ಹುಡುಕುತ್ತಿದ್ದೆ. ಈಗ ತಿಳಿಯುವುದಿಲ್ಲ. ತಿಳಿದರೂ ಎಲ್ಲವನ್ನೂ ಒಂದೇ ಸಮ ಓಡಿಸಬೇಕು. ಇವತ್ತು ತಟ್ಟೆಯ ಸದ್ದಿಗೆ ಏಳೆಂಟು ಎದ್ದು ಹೊಂಗೆಗೆ ಹೋದವು. ಹೊಲದ ಆ ತುದಿಯಲ್ಲಿ, ಕಾಯಿ ಬಲಿಯುತ್ತಿರುವ ಸಾಲಿನಲ್ಲಿ, ಇನ್ನೂ ಎರಡು ತಲೆಗಳು ಮೇಯುತ್ತಿದ್ದವು. ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತ ನಡೆದೆ.