ಅಮ್ಮನ ಅಲೆ

"ಅಮ್ಮನ ಅಲೆ! ಅಂಚು ನೋಡ್ರೀ, ಅಂಚು!" ಎಂದು ನಾದಿನಿ ಶಾಲಿನ ಮಡಿಕೆ ಬಿಚ್ಚಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅವಳ ಗಂಡ ತನ್ನ ಪಾಲಿಗೆ ಬಂದ ಮಫ್ಲರನ್ನು ಆಗಲೇ ಕುತ್ತಿಗೆಗೆ ಸುತ್ತಿಕೊಂಡು, ಒಳಗೆ ಅಂಥ ಚಳಿಯೇನೂ ಇಲ್ಲದಿದ್ದರೂ, ಫೋಟೋಗೆ ಕೂತವನಂತೆ ಸೋಫಾದ ಮೇಲೆ ನೆಟ್ಟಗೆ ಕೂತಿದ್ದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ, ಕೈಗಳೆರಡನ್ನೂ ಕಂಬಳಿಯ ಕೆಳಗಿಟ್ಟುಕೊಂಡು ನಗುತ್ತಿದ್ದರು. ಸೊಸೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಅವಳು ನೋಡುತ್ತಿದ್ದುದು ಶಾಲನ್ನಲ್ಲ, ಬಾಗಿಲ ಪಕ್ಕದಲ್ಲೇ ಕೂತಿದ್ದ ತನ್ನ ಗಂಡನನ್ನು. ಈ ಸಲ ಹೇಳುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ.

ವರ್ಷದ ಕೊನೆಯಲ್ಲಿ ಆಫೀಸುಗಳಿಗೆ ಹತ್ತು ದಿನ ಬೀಗ ಬಿದ್ದಾಗ ನಾದಿನಿ ಗಂಡನ ಜೊತೆ ಈ ಮನೆಗೆ ಬರುತ್ತಿದ್ದಳು. ಬಂದವರಿಗೆ ಅತ್ತೆ ಕ್ರೋಶಾದಲ್ಲಿ ಹೆಣೆದ ಒಂದೊಂದು ಉಡುಗೊರೆ. ಶಾಲು, ಮಫ್ಲರು, ದಿಂಬಿನ ಗವಸು, ಟೀಪಾಯಿಯ ಹಾಸು. ಗಂಜಿ ಹಾಕಿ, ರಟ್ಟಿನ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸಿದ ಬಿಳಿಯ ನಕ್ಷತ್ರಗಳು ಕಿಟಕಿಗೆ. ಊರಿಗೆ ಹಿಂದಿರುಗುವಾಗ ಸಹೋದ್ಯೋಗಿಗಳಿಗೆ, ನೆರೆಯವರಿಗೆ ಎಂದು ನಾದಿನಿ ಇನ್ನೊಂದು ಚೀಲ ತುಂಬಿಕೊಳ್ಳುತ್ತಿದ್ದಳು. ಎಲ್ಲದರ ಅಂಚೂ ಸ್ವಲ್ಪ ಒಳಗೆ ಸ್ವಲ್ಪ ಹೊರಗೆ, ನೀರು ತಾಗಿ ಹೋದ ದಡದ ಹಾಗೆ. ಅದಕ್ಕೆ ಮಕ್ಕಳು ಇಟ್ಟ ಹೆಸರು ಅಮ್ಮನ ಅಲೆ.

ನಿಜ ಹೇಳಬೇಕೆಂದರೆ ಅದು ಅಲೆಯೂ ಅಲ್ಲ, ವಿನ್ಯಾಸವೂ ಅಲ್ಲ. ಅತ್ತೆ ಚಿಕ್ಕಂದಿನಲ್ಲಿ ಯಾರದೋ ಕೈ ನೋಡಿ ತಾವಾಗಿಯೇ ಕಲಿತವರು. ಪ್ರತಿ ಸಾಲಿನ ಕೊನೆಯ ಮನೆಯನ್ನು, ಅಂದರೆ ನೂಲಿನ ಕೊನೆಯ ಕುಣಿಕೆಯನ್ನು, ಅವರ ಕಡ್ಡಿ ಹಾರಿಬಿಡುತ್ತಿತ್ತು. ಹಾರಿದ ಲೆಕ್ಕ ಸರಿಹೋಗಲೆಂದು ಮುಂದಿನ ಸಾಲಿನ ಮೊದಲ ಮನೆಗೆ ಎರಡು ಸಲ ಕಡ್ಡಿ ಹಾಕುತ್ತಿದ್ದರು. ತಪ್ಪನ್ನು ತಿದ್ದುವವರು ಪಕ್ಕದಲ್ಲಿ ಇರಲಿಲ್ಲ. ನಲವತ್ತು ವರ್ಷ ಮಾಡಿದ ತಪ್ಪಿಗೆ ಹೆಸರು ಬಂತು, ಅಭಿಮಾನಿಗಳೂ ಬಂದರು.

ಆರು ವರ್ಷದ ಹಿಂದೆ ಅವರ ಬೆರಳಿನ ಗೆಣ್ಣುಗಳು ಊದಿಕೊಂಡು ಒಂದೊಂದೇ ಪಕ್ಕಕ್ಕೆ ವಾಲಿದವು. ರಜೆಗೆ ಇನ್ನು ಎರಡು ತಿಂಗಳು ಇರುವಾಗ ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡು ಅಳುವುದನ್ನು ಸೊಸೆ ಕೇಳಿಸಿಕೊಂಡಳು. "ಕೊಡಿ, ನಾನು ಮುಗಿಸ್ತೀನಿ" ಎಂದು ಒಳಗೆ ಹೋದಳು. ಅವಳಿಗೆ ಶಾಲೆಯಲ್ಲಿ ಕಲಿಸಿದ್ದ ಕ್ರೋಶಾ ಚೆನ್ನಾಗಿ ಬರುತ್ತಿತ್ತು. ಅವಳ ಅಂಚಿಗೆ ಸ್ಕೇಲ್ ಇಟ್ಟು ಗೆರೆ ಎಳೆಯಬಹುದಿತ್ತು. ಮೊದಲ ಮಫ್ಲರನ್ನು ಅತ್ತೆ ಮುಂಗೈಯ ಮೇಲೆ ಹರಡಿಕೊಂಡು ನೋಡಿದರು.

"ಇದು ಅಂಗಡಿ ಸಾಮಾನಿನ ಹಾಗಿದೆ. ಬಿಚ್ಚು."

ನೆಟ್ಟಗೆ ಮಾಡುವುದನ್ನು ಸೊಸೆ ಒಂದು ವಾರದಲ್ಲಿ ಕಲಿತಿದ್ದಳು, ಸೊಟ್ಟಗೆ ಮಾಡುವುದಕ್ಕೆ ಒಂದು ತಿಂಗಳು ಹಿಡಿಯಿತು. ಅಂದಿನಿಂದ ಮಧ್ಯಾಹ್ನ ಎರಡರಿಂದ ನಾಲ್ಕು, ಅತ್ತೆಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. "ಮಕ್ಕಳಿಗೆ ಗೊತ್ತಾಗಬಾರದು. ನನ್ನ ಕೈಯಿಂದ ಅಂತ ಏನೋ ಒಂದು ಇರಲಿ" ಎಂದಿದ್ದರು ಅತ್ತೆ. ರಜೆಯ ದಿನಗಳಲ್ಲಿ ಅವರ ಕೈ ಯಾರ ಕಣ್ಣಿಗೂ ಬೀಳದಿರಲೆಂದು ಎಲ್ಲರಿಗಿಂತ ಮೊದಲೇ ಕೋಣೆಯಲ್ಲಿ ತುತ್ತು ಮಾಡಿ ತಿನ್ನಿಸಿ, ಗುಂಡಿ ಹಾಕಿ, ಕಂಬಳಿ ಹೊದಿಸಿ ಕೂರಿಸುವುದೂ ಸೊಸೆಯ ಪಾಲಿಗೇ ಬಂತು. ಗಂಡನಿಗೆ ಎಲ್ಲ ಗೊತ್ತಿತ್ತು. "ಅಮ್ಮನಿಗೆ ಸಂತೋಷ ಆಗುತ್ತಲ್ಲ, ಬಿಡು" ಎನ್ನುತ್ತಿದ್ದ. ಬೇರೆಯವರ ಕೈಯ ಕೆಲಸದಲ್ಲಿ ಸಂತೋಷ ಹಂಚುವುದು ಬಹಳ ಸುಲಭ.

ಆದರೆ ಈ ವರ್ಷ ಸೊಸೆಯ ಹೆಬ್ಬೆರಳಿನ ಬುಡ ನೋಯತೊಡಗಿತು. ಬೆಳಿಗ್ಗೆ ಡಬ್ಬಿಯ ಮುಚ್ಚಳ ತಿರುಗಿಸಲಾಗದೆ ನಿಂತಾಗ ಅವಳಿಗೆ ಭಯವಾಯಿತು. ಕೈಯೇ ಹೋಗಿಬಿಟ್ಟರೆ? ಆ ಕೈ ಏನು ಮಾಡಿತೆಂದು ಒಬ್ಬರಿಗಾದರೂ ಗೊತ್ತಿರಬೇಡವೇ? "ಎಲ್ಲರೂ ಕೂತಿರುವಾಗ ಒಂದೇ ಒಂದು ಮಾತು ಹೇಳಿ. ಇದು ಇವಳು ಮಾಡಿದ್ದು ಅಂತ. ಬೇರೇನೂ ಬೇಡ" ಎಂದು ಗಂಡನ ಹತ್ತಿರ ಕೇಳಿಕೊಂಡಳು. "ಹೇಳ್ತೀನಿ, ಅದಕ್ಕೇನಂತೆ" ಎಂದಿದ್ದ ಅವನು, ತರಕಾರಿ ತರುತ್ತೇನೆ ಎಂದಷ್ಟೇ ಸಲೀಸಾಗಿ.

ಈಗ ಅವನು ಅವಳ ತಟ್ಟೆಯಿಂದ ತನ್ನ ಲೋಟ ಎತ್ತಿಕೊಂಡು ಚಹಾ ಕುಡಿಯುತ್ತಿದ್ದ. ನಾದಿನಿ ಫೋನು ತೆಗೆದು ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಅಮ್ಮಾ, ನಮ್ಮ ಆಫೀಸಿನವರಿಗೆಲ್ಲ ಈ ಅಲೆ ಹೇಗೆ ಬರುತ್ತೆ ಅಂತ ತಿಳ್ಕೋಬೇಕಂತೆ. ಒಂದೇ ಒಂದು ಸಾಲು ಮಾಡಿ ತೋರಿಸು. ವಿಡಿಯೋ ಮಾಡ್ಕೋತೀನಿ."

"ಈಗ ಬೇಡ ಕಣೇ. ಕನ್ನಡಕ ಎಲ್ಲಿದೆಯೋ."

ನಾದಿನಿ ಕನ್ನಡಕ ತಂದಳು.

"ಬುಟ್ಟಿ ಎಲ್ಲಿಟ್ಟಿದ್ದೀನೋ ನೆನಪಿಲ್ಲ."

ನಾದಿನಿ ಮಂಚದ ಕೆಳಗಿನಿಂದ ಬುಟ್ಟಿಯನ್ನೂ ತಂದಳು. ಅರ್ಧ ಮಾಡಿಟ್ಟಿದ್ದ ಹಾಸನ್ನು ತಾಯಿಯ ತೊಡೆಯ ಮೇಲಿಟ್ಟು ಕಂಬಳಿಯನ್ನು ಪಕ್ಕಕ್ಕೆ ಸರಿಸಿದಳು. ಸೊಸೆ ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತುಬಿಟ್ಟಳು. ಏನಾದರೊಂದು ನೆಪ ಹೇಳಿ ತಪ್ಪಿಸಬಹುದಿತ್ತು. ಆರು ವರ್ಷದಿಂದ ತಪ್ಪಿಸಿದ್ದಳು. ಇವತ್ತು ಬಾಯಿ ಬರಲಿಲ್ಲ, ಬರುವುದು ಬೇಕಾಗಿಯೂ ಇರಲಿಲ್ಲ. ಆಗಲಿ, ನೋಡಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಅತ್ತೆಯ ಬೆರಳುಗಳು ಕಡ್ಡಿಯನ್ನು ಹಿಡಿಯಲು ಹೋದವು, ಕಡ್ಡಿ ಜಾರಿತು. ಎರಡನೆಯ ಸಲ ನೂಲು ಸಿಕ್ಕಿಕೊಂಡಿತು. ಮೂರನೆಯ ಸಲ ಕಡ್ಡಿ ನೆಲಕ್ಕೆ ಬಿದ್ದು ಸೋಫಾದ ಕೆಳಗೆ ಉರುಳಿತು. ಅಳಿಯ ಮಂಡಿಯೂರಿ, ಹೊಸ ಮಫ್ಲರಿನಿಂದ ನೆಲದ ಧೂಳೆಲ್ಲ ಗುಡಿಸುತ್ತ ಅದನ್ನು ಹುಡುಕಿದ. ನಾದಿನಿ ಫೋನು ಕೆಳಗಿಟ್ಟು ತಾಯಿಯ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ವಾಲಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಕಣ್ಣಲ್ಲಿ ನೀರು ತುಂಬಿತು.

ಆಮೇಲೆ ತಿರುಗಿ ಸೊಸೆಯನ್ನು ನೋಡಿದಳು.

"ಅತ್ತಿಗೆ, ಈ ಕೈಯಲ್ಲಿ ಇಷ್ಟೆಲ್ಲ ಮಾಡಿಸಿದ್ದೀರಾ? ನಿಮಗೆ ಕಣ್ಣು ಕಾಣಿಸಲ್ವಾ? ಬೇಡಮ್ಮ ಅಂತ ಒಂದು ಮಾತು ಹೇಳೋಕಾಗಲಿಲ್ವಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಬರೆ ಬಿದ್ದ ಮೇಲೆ ಎಮ್ಮೆ ಏನು ಮಾಡುತ್ತದೆ ಎಂದು ಯಾರೂ ಹೇಳಿಲ್ಲ. ಸೊಸೆ ಗಂಡನ ಕಡೆ ನೋಡಿದಳು. ಅವನು ಗೋಡೆಯ ಕ್ಯಾಲೆಂಡರಿನಲ್ಲಿ, ಮುಗಿದೇ ಹೋದ ತಿಂಗಳ ತಾರೀಖುಗಳನ್ನು ಓದುತ್ತಿದ್ದ.

"ಅಣ್ಣಾ, ನೀನಾದರೂ ನೋಡಬಾರದಾ?"

"ನಾನು ಬೆಳಿಗ್ಗೆ ಹೋದರೆ ರಾತ್ರಿ ಬರೋನು" ಎಂದ ಅವನು. "ಮನೇಲಿ ಯಾರು ಏನು ಮಾಡ್ತಾರೋ, ನನಗೇನು ಗೊತ್ತಾಗುತ್ತೆ?"

ಸೊಸೆ ತಟ್ಟೆಯನ್ನು ಟೀಪಾಯಿಯ ಮೇಲೆ ಇಟ್ಟಳು. ಲೋಟಗಳು ಸದ್ದು ಮಾಡಿದವು.

"ನಾನೇ ಮಾಡಿದ್ದು. ಆರು ವರ್ಷದಿಂದ. ಎಲ್ಲಾ."

"ಏನು ನೀವೇ ಮಾಡಿದ್ದು?"

"ಶಾಲು, ಮಫ್ಲರು, ಆ ನಕ್ಷತ್ರ, ನೀನು ಆಫೀಸಿಗೆ ಒಯ್ದಿದ್ದು, ಎಲ್ಲಾ. ಅತ್ತೆಯವರು ಆರು ವರ್ಷದಿಂದ ಕಡ್ಡಿ ಮುಟ್ಟಿಲ್ಲ."

ನಾದಿನಿ ನಕ್ಕಳು, ಅಳುವಿನ ಮಧ್ಯೆಯೇ. "ಇದನ್ನಾ? ಈ ಅಂಚನ್ನ? ನಾನು ಹುಟ್ಟಿದಾಗಿನಿಂದ ನೋಡಿದ್ದೀನಿ ಅತ್ತಿಗೆ, ಇದು ಅಮ್ಮನ ಕೈ." ಆದರೂ ತಾಯಿಯ ಕಡೆ ತಿರುಗಿದಳು. "ಹೌದೇನಮ್ಮಾ?"

ಅತ್ತೆ ಮಗಳನ್ನು ನೋಡಿದರು, ಮಗನನ್ನು ನೋಡಿದರು. ಸೊಸೆಯ ಹತ್ತಿರ ಬಂದಾಗ ಅವರ ಕಣ್ಣು ಅವಳ ಮುಖಕ್ಕೆ ಏರದೆ ಸೀರೆಯ ನೆರಿಗೆಯಲ್ಲೇ ನಿಂತಿತು.

"ಅವಳೂ ಸ್ವಲ್ಪ ಕೈ ಹಾಕ್ತಾಳೆ" ಎಂದರು.

"ಅದೇ ಮತ್ತೆ, ಇಬ್ಬರೂ ಸೇರಿ ಮಾಡ್ಕೋತಾರೆ" ಎಂದು ಗಂಡ ಥಟ್ಟನೆ ಸೇರಿಸಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಸ್ವಲ್ಪ. ಆ ಮಾತು ಸೊಸೆಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಲ್ಲ ಎಂದಿದ್ದರೆ ಜಗಳವಾಡಬಹುದಿತ್ತು. ಈ ಸ್ವಲ್ಪದ ಜೊತೆ ಜಗಳ ಹೇಗೆ ಆಡುವುದು? ಅವಳು ಅಳಿಯನ ಕೈಯಿಂದ ಕಡ್ಡಿ ತೆಗೆದುಕೊಂಡು, ಹಾಸನ್ನು ಎತ್ತಿಕೊಂಡು, ನಿಂತಲ್ಲೇ ಹೆಣೆಯತೊಡಗಿದಳು. ಸಿಟ್ಟಿನಲ್ಲೂ ಮನೆಗಳು ಒಂದರ ಪಕ್ಕ ಒಂದು ಬಂದು ಕೂತವು. ಒಂದು ಸಾಲು, ಎರಡು, ಮೂರು. ಅಳಿಯ ಮೆಲ್ಲಗೆ ಮಫ್ಲರು ಬಿಚ್ಚಿ ಪಕ್ಕಕ್ಕಿಟ್ಟ.

ನಾದಿನಿ ಹಾಸನ್ನು ಇಸಿದುಕೊಂಡು ಶಾಲಿನ ಅಂಚಿಗೆ ಜೋಡಿಸಿದಳು. ಮೇಲೆ ಕೆಳಗೆ ಮಾಡಿ ನೋಡಿದಳು. ಅವಳ ಮುಖ ಅರಳಿತು. ಸೊಸೆಯ ಎದೆ ಒಂದು ಕ್ಷಣ ಹಗುರಾಯಿತು.

"ಅಯ್ಯಯ್ಯೋ, ಒಂಚೂರೂ ವ್ಯತ್ಯಾಸ ಇಲ್ಲ! ಅಮ್ಮಾ, ಎಷ್ಟು ಚೆನ್ನಾಗಿ ಕಲಿಸಿದ್ದೀಯಾ!"

"ಮೊದಮೊದಲು ಬರ್ತಿರಲಿಲ್ಲ ಅವಳಿಗೆ" ಎಂದರು ಅತ್ತೆ. ಅವರ ದನಿಗೆ ಜೀವ ಬಂದಿತ್ತು. "ಎಷ್ಟು ಸಲ ಬಿಚ್ಚಿಸಿದ್ದೀನಿ, ಕೇಳು ಬೇಕಾದ್ರೆ."

"ಅತ್ತಿಗೆ, ಇನ್ನೊಂದು ಸಾಲು ಮಾಡಿ, ನಿಧಾನಕ್ಕೆ." ನಾದಿನಿ ಮತ್ತೆ ಫೋನು ಎತ್ತಿಕೊಂಡಳು. "ಮುಖ ಬರೋದಿಲ್ಲ, ಕೈ ಮಾತ್ರ. ಅಮ್ಮನ ಕೈ ಅಂತಲೇ ಹಾಕ್ತೀನಿ, ಯಾರಿಗೆ ಗೊತ್ತಾಗುತ್ತೆ? ಇನ್ನು ಮೇಲೆ ನೀವೇ ಮಾಡಿಬಿಡಿ. ಪಾಪ, ಅಮ್ಮ ಸುಮ್ಮನೆ ಕೂತಿರಲಿ. ಅಮ್ಮನ ಹೆಸರೂ ಉಳಿಯುತ್ತೆ."

ಸೊಸೆ ಕಡ್ಡಿಯನ್ನು ಕೆಳಗಿಟ್ಟಳು. "ಮುಂದಿನ ವರ್ಷ ನನ್ನ ಥರ ಮಾಡ್ತೀನಿ. ನನ್ನ ಅಂಚು ನೆಟ್ಟಗಿರುತ್ತೆ."

"ನೆಟ್ಟಗಿರೋದು ಅಂಗಡೀಲೇ ಸಿಗುತ್ತಲ್ಲ ಅತ್ತಿಗೆ" ಎಂದಳು ನಾದಿನಿ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ಇನ್ನೂ ಕಷ್ಟವಾಯಿತು.

ಅತಿಥಿಗಳು ಉಳಿದ ದಿನಗಳನ್ನು ಉಂಡು, ಅಡ್ಡಾಡಿ, ಮಲಗಿ ಕಳೆದರು. ಸೊಸೆ ಗಂಡನೊಂದಿಗೆ ಮಾತು ಬಿಟ್ಟಳು. ಅದು ಅವನ ಗಮನಕ್ಕೆ ಬರಲು ಎರಡು ದಿನ ಬೇಕಾಯಿತು. "ನಾನು ಹೇಳಬೇಕು ಅಂತಲೇ ಇದ್ದೆ" ಎಂದ ಅವನು, ಶೂಸಿನ ದಾರ ಕಟ್ಟಿಕೊಳ್ಳುತ್ತ. "ಅಷ್ಟರಲ್ಲಿ ನೀನೇ ಹೇಳಿಬಿಟ್ಟೆಯಲ್ಲ." ಹೊರಡುವ ದಿನ ನಾದಿನಿ ತಾಯಿಯ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಕಾರಿನ ಕಿಟಕಿ ಇಳಿಸಿ, ಮುಂದಿನ ಸಲ ಎಂಟು ಮಫ್ಲರು ಬೇಕಾಗಬಹುದು ಅತ್ತಿಗೆ, ಎಂದಳು.

ಮಾರನೆಯ ದಿನ ಮಧ್ಯಾಹ್ನ ಎರಡಕ್ಕೆ ಸೊಸೆ ಅತ್ತೆಗೆ ಊಟ ಮಾಡಿಸಿ, ಬಾಯಿ ಒರೆಸಿ, ಮಲಗಿಸಿದಳು.

"ಸಿಟ್ಟಾ?" ಎಂದರು ಅತ್ತೆ.

"ಸ್ವಲ್ಪ" ಎಂದಳು ಸೊಸೆ.

"ನಿನಗೆ ಇನ್ನೂ ವಯಸ್ಸಿದೆ. ನಿನ್ನದು ಅಂತ ಬೇಕಾದಷ್ಟು ಮಾಡಬಹುದು. ನನಗೆ ಅದು ಬಿಟ್ಟರೆ ಇನ್ನೇನಿತ್ತು, ಹೇಳು?" ಎಂದು ಅತ್ತೆ ಗೋಡೆಯ ಕಡೆ ಹೊರಳಿದರು.

ಸೊಸೆ ಬುಟ್ಟಿಯನ್ನು ಎಳೆದುಕೊಂಡು ತಳದಲ್ಲಿ ಉಳಿದಿದ್ದ ಬೂದು ಬಣ್ಣದ ಉಲ್ಲನ್ ತೆಗೆದಳು. ಯಾರಿಗೂ ಬೇಡವಾದ ಬಣ್ಣ. ತನಗೇ ಒಂದು ಮಫ್ಲರು ಎಂದು ಇಪ್ಪತ್ತನಾಲ್ಕು ಮನೆ ಹಾಕಿದಳು. ಮೊದಲ ಸಾಲು ನೋಡನೋಡುತ್ತಿದ್ದಂತೆ, ಕೊನೆಯ ಮನೆ ಹಾರಿ, ಇಪ್ಪತ್ತಮೂರಕ್ಕೇ ಮುಗಿದುಹೋಯಿತು. ಬಿಚ್ಚಿದಳು. ಕಣ್ಣಿಟ್ಟು ಮಾಡಿದ ಮೇಲೆ ಸರಿಯಾಯಿತು, ಆದರೆ ಎರಡನೆಯ ಸಾಲಿನಲ್ಲಿ ಮನಸ್ಸು ಅತ್ತೆಯ ಮಾತಿನ ಕಡೆ ಹೋದದ್ದೇ ತಡ, ಮತ್ತೆ ಅದೇ. ಬಿಚ್ಚಿದ ಉಲ್ಲನ್ ನೆಟ್ಟಗಾಗದೆ ಸುರುಳಿ ಸುರುಳಿಯಾಗಿಯೇ ತೊಡೆಯ ಮೇಲೆ ಬಿತ್ತು. ನಾಲ್ಕನೆಯ ಸಲ ಅವಳು ಬಾಯಿಬಿಟ್ಟು ಎಣಿಸತೊಡಗಿದಳು, ಶಾಲೆಯ ಮಕ್ಕಳ ಹಾಗೆ.

"ಇಷ್ಟು ಬೇಗ ಶುರು ಮಾಡಿದೆಯಾ? ಯಾರಿಗೆ?" ಎಂದರು ಅತ್ತೆ, ಗೋಡೆಯ ಕಡೆಯಿಂದಲೇ.

ಸೊಸೆ ಎಣಿಕೆ ನಿಲ್ಲಿಸಲಿಲ್ಲ. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ತಮೂರು ಎಂದಳು ಗಟ್ಟಿಯಾಗಿ. ಮುಂದಿನದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈ ಸಾಲನ್ನು ಆಗಲೇ ಹಿಂದಕ್ಕೆ ತಿರುಗಿಸಿತ್ತು.